ಬಾಗಿದ ತೋಳಿಗೊಂದು ರವಿಕೆ

ನಾಗಲಮಡಿಕೆ
೧೨ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ತಂಗಿ ಯಶೋದಾ,

ನಿನ್ನಕ್ಕ ಲಕ್ಷ್ಮೀದೇವಿಯ ಆಶೀರ್ವಾದಗಳು. ನಾನು, ನಿನ್ನ ಭಾವ ಇಬ್ಬರೂ ಚೆನ್ನಾಗಿದ್ದೇವೆ. ಅನಿಲ್ ಮತ್ತು ಸೊಸೆ ಪಾವಗಡದಲ್ಲೇ ಇದ್ದಾರೆ, ಭಾನುವಾರಕ್ಕೊಮ್ಮೆ ಬಂದು ಹೋಗುತ್ತಾರೆ. ಸಿರಾದಲ್ಲಿ ನೀನು, ರಂಗೇಶ್ ಅವರು ಆರೋಗ್ಯವಾಗಿದ್ದೀರಿ ಎಂದು ನಿನ್ನ ಮಗಳು ಬಿಂದು ಹೇಳಿದಳು. ಅವಳಿಗೆ ಏಳನೇ ತಿಂಗಳು ಅಂತ ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಅವತ್ತು ಅಂಗನವಾಡಿಯ ಮಕ್ಕಳಿಗೆಲ್ಲ ಒಂದೊಂದು ತುಂಡು ಬೆಲ್ಲ ಹಂಚಿದೆ.

ಎರಡು ವರ್ಷದಿಂದ ನಾನು ನಿನ್ನ ಹತ್ತಿರ ಮನಸ್ಸು ಬಿಚ್ಚಿ ಒಂದು ಮಾತೂ ಆಡಿಲ್ಲ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಫೋನಿನಲ್ಲಿ "ಊಟ ಆಯ್ತಾ, ಮಳೆ ಬಂತಾ" ಅಂದುಕೊಂಡು ಇಟ್ಟುಬಿಡುತ್ತಿದ್ದೆವು. ದೊಡ್ಡವಳು ನಾನು, ಮೊದಲು ಮಾತಾಡಬೇಕಾದವಳೂ ನಾನೇ. ತಡವಾಯಿತು, ಕ್ಷಮಿಸು. ಈ ಕಾಲದಲ್ಲೂ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ಹೇಳಬೇಕಾದದ್ದನ್ನು ಬಿಟ್ಟು ಬಸ್ಸು ತಡವಾದದ್ದನ್ನು ಹೇಳುತ್ತೇನೆ. ಅಂಗನವಾಡಿಯ ದಾಖಲೆ ಪುಸ್ತಕ ಬರೆದು ಬರೆದು ಕೈಗೆ ಅಕ್ಷರವಾದರೂ ಉಳಿದಿದೆ. ಮಡಿಲಲ್ಲಿ ಹಲಗೆ ಇಟ್ಟುಕೊಂಡು, ನಡುನಡುವೆ ನಿಲ್ಲಿಸಿ, ಇವತ್ತಿಗೆ ಮೂರನೇ ದಿನ ಬರೆಯುತ್ತಿದ್ದೇನೆ.

ಬಿಂದುವಿನ ಮದುವೆಗೆ ಬರಲಿಲ್ಲವೆಂದು ನಿನಗೆ ನನ್ನ ಮೇಲೆ ಸಿಟ್ಟು. ಜ್ವರ ಅಂದೆ, ನೀನು ನಂಬಲಿಲ್ಲ. "ಮಗಳಂಥೋಳ ಮದ್ವೆಗಿಂತ ಜ್ವರ ದೊಡ್ಡದಾಯ್ತಾ ನಮ್ಮಕ್ಕನಿಗೆ?" ಎಂದು ತೋವಿನಕೆರೆಯ ಅತ್ತಿಗೆಯನ್ನು ಕೇಳಿದೆಯಂತೆ. ನೀನು ನಂಬದೆ ಇದ್ದದ್ದು ಸರಿ. ಜ್ವರ ಇರಲಿಲ್ಲ. ಕೈಯಿಂದಾಗಿ ಹಿಂದೆ ಸರಿದೆ. ನನ್ನ ಅವತ್ತಿನ ಅವತಾರದಲ್ಲಿ ನಿನ್ನ ಬೀಗರ ಮುಂದೆ ನಿಲ್ಲಲು ನನಗೆ ನಾಚಿಕೆಯಾಯಿತು.

ನನ್ನ ಕೈ ನೀನು ನೋಡಿದ್ದೀಯ. ಮೊಣಕೈ ಬಾಗಿ ನಿಂತದ್ದು ನೇರವಾಗುವುದಿಲ್ಲ, ತೋಳು ಭುಜದ ಮಟ್ಟಕ್ಕೆ ಏರುವುದಿಲ್ಲ. ನಾವಿಬ್ಬರೂ ಹುಟ್ಟಿ ಬೆಳೆದದ್ದು ಒಂದೇ ಮನೆಯಲ್ಲಿ. ಆದರೆ ನೀನು ಸಿರಾ ಪೇಟೆಗೆ ಸೇರಿದೆ, ನಾನು ಈ ಕಡೆ ಬಂದೆ. ಇಲ್ಲಿ ಇಪ್ಪತ್ತೈದು ವರ್ಷ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದೆ. ನಮ್ಮೂರಲ್ಲಿ ಬೀದಿಗೊಬ್ಬರು ಹೀಗೆ ಇದ್ದೇವೆ, ಯಾರೂ ತಿರುಗಿ ನೋಡುವುದಿಲ್ಲ. ಬಸ್ಸು ಹತ್ತಿ ಹೊರಗೆ ಹೋದಾಗಲೇ ಗೊತ್ತಾಗುವುದು.

ನೀನು ನೋಡದೆ ಇದ್ದದ್ದು ನನ್ನ ಬೆಳಗಿನ ಹೊತ್ತು. ಆರು ವರ್ಷದಿಂದ ನನಗೆ ರವಿಕೆ ತೊಡಿಸಿ ಹುಕ್ಕು ಹಾಕುತ್ತಿದ್ದದ್ದು ನಿನ್ನ ಭಾವ. ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕೈ ಅದು, ನಯವಾದ ಕೈ. ಒಂದು ದಿನವೂ ಗೊಣಗಲಿಲ್ಲ. ಆದರೆ ಯಾರದೋ ತೋಟದ ಮೋಟಾರ್ ಕೆಟ್ಟಿತೆಂದು ಅವರು ಬೆಳಿಗ್ಗೆ ಆರಕ್ಕೆ ಹೊರಟರೆ ನಾನೂ ಆರಕ್ಕೇ ಸೀರೆ ಉಟ್ಟು ಕೂರಬೇಕು. ಹೋದ ವರ್ಷ ಅವರಿಗೆ ಹರ್ನಿಯಾ ಆಪರೇಷನ್ ಆಯಿತಲ್ಲ, ಆಗ ಅನಿಲ್ ಆಸ್ಪತ್ರೆಯಲ್ಲಿ ಅವರನ್ನು ನೋಡಿಕೊಂಡ. ನಾನು ಹನ್ನೊಂದು ದಿನ ಮುಂದೆ ಜಿಪ್ ಇರುವ ನೈಟಿ ಹಾಕಿಕೊಂಡು, ಮೇಲೊಂದು ಟವೆಲ್ ಹೊದ್ದು ಮನೆಯಲ್ಲೇ ಇದ್ದೆ. ಯಾರಾದರೂ ಬಾಗಿಲು ತಟ್ಟಿದರೆ ಒಳಗಿಂದಲೇ "ಯಾರು?" ಅನ್ನುತ್ತಿದ್ದೆ. ನೋಡಲು ಹೋಗಲಿಲ್ಲವೆಂದು ಜನ ಆಡಿಕೊಂಡರು. ಏನು ಹೇಳಲಿ? ಹುಕ್ಕು ಹಾಕುವವರೇ ಮಂಚದ ಮೇಲಿದ್ದಾರೆ ಅನ್ನಲೇ?

ಟೈಲರುಗಳ ಹತ್ತಿರ ಹೋಗಲಿಲ್ಲ ಅಂದುಕೊಳ್ಳಬೇಡ. ಮೂವರ ಹತ್ತಿರ ಹೋದೆ. ಒಬ್ಬ ಟೇಪು ಹಿಡಿದು, "ಕೈ ನೇರ ಮಾಡಮ್ಮಾ" ಅಂದ. ಆಗಲ್ಲಪ್ಪ ಅಂದೆ. "ಸ್ವಲ್ಪ ಪ್ರಯತ್ನ ಮಾಡಿ" ಅಂದ! ಇನ್ನೊಬ್ಬ, "ಇಂಥ ಕೈಯೋರಿಗೆ ದೊಗಳೆ ಹೊಲ್ದುಕೊಟ್ಬುಡ್ತೀನಿ, ನಿಮ್ಗೇನು ಫ್ಯಾಷನ್ ಬೇಕಾ?" ಅಂದ. ಹೊಲಿದೂ ಕೊಟ್ಟ. ಎರಡು ಗೋಣಿಚೀಲಕ್ಕೆ ಎರಡು ಕೈ ತೂರಿಸಿದ ಹಾಗಿತ್ತು. ಎಂಟು ವರ್ಷ ಅದೇ ಮಾದರಿಯಲ್ಲಿ ಕಳೆದೆ. ಕನ್ನಡಿಯಲ್ಲಿ ಮುಖ ಮಾತ್ರ ನೋಡಿಕೊಳ್ಳುವುದು ಅಭ್ಯಾಸವಾಯಿತು.

ಈಗ ಒಳ್ಳೆಯ ಸುದ್ದಿಗೆ ಬರುತ್ತೇನೆ.

ಶ್ರಾವಣದಲ್ಲಿ ಮಧುಗಿರಿಗೆ ಮೂಳೆ ಡಾಕ್ಟರನ್ನು ನೋಡಲು ಹೋಗಿದ್ದೆವು. ಅವರು ಹಳೆಯ ಎಕ್ಸ್‌ರೇ, ಹೊಸ ಎಕ್ಸ್‌ರೇ ಎರಡನ್ನೂ ಬೆಳಕಿಗೆ ಹಿಡಿದು, "ಆಗಿದ್ದು ಹಿಂದಕ್ಕೆ ಹೋಗಲ್ಲಮ್ಮ. ಆದ್ರೆ ನಾಲ್ಕು ವರ್ಷದಿಂದ ಮುಂದಕ್ಕೂ ಹೋಗಿಲ್ಲ. ಫಿಲ್ಟರ್ ನೀರು ಬಿಡಬೇಡಿ" ಅಂದರು. ಮುಂದಕ್ಕೆ ಹೋಗಿಲ್ಲ ಎಂಬ ಮಾತು ಹಿಡಿದುಕೊಂಡು ಆಚೆ ಬಂದೆ. ಕಾಲು ಹಗುರವಾಗಿತ್ತು. ನಿನ್ನ ಭಾವ ಬಾಳೆಹಣ್ಣು ತರಲು ಹೋದರು, ನಾನು ಒಂದು ಸಣ್ಣ ಬಟ್ಟೆ ಅಂಗಡಿಯ ಮುಂದೆ ನೆರಳಿಗೆ ನಿಂತೆ. ಗಾಜಿನ ಹಿಂದೆ ಒಂದು ಗೊಂಬೆಗೆ ಸೀರೆ ಉಡಿಸಿದ್ದರು. ನೋಡುತ್ತೇನೆ, ಆ ಗೊಂಬೆಯ ಬಲಗೈ ನನ್ನ ಕೈಯ ಹಾಗೆ ಬಾಗಿದೆ!

ಅಂಗಡಿಯ ಗೊಂಬೆಗಳು ಹೇಗಿರುತ್ತವೆ ನಿನಗೆ ಗೊತ್ತು. ತೆಳ್ಳಗೆ, ಬೆಳ್ಳಗೆ, ಬಳ್ಳಿಯ ಹಾಗೆ ಕೈ ಚಾಚಿಕೊಂಡು. ಇದರ ಕೈಯನ್ನು ಮೊಣಕೈ ಹತ್ತಿರ ಕೊಯ್ದು ಬೇರೆ ಕೋನದಲ್ಲಿ ಅಂಟಿಸಿದ್ದರು. ಅದರ ಮೇಲೆ ಕೂತಿದ್ದ ರವಿಕೆಯ ತೋಳು ಎಲ್ಲೂ ಎಳೆದಿರಲಿಲ್ಲ, ಎಲ್ಲೂ ಜೋತಿರಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಒಳಗಿಂದ ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿಯೊಬ್ಬಳು ಬಂದಳು. "ಯಾಕಕ್ಕ ಅಂಗೆ ನಿಂತ್ಬುಟ್ರಿ? ಒಳೀಕ್ ಬನ್ನಿ" ಅಂದಳು. ಆಮೇಲೆ ನನ್ನ ಕೈ ನೋಡಿದಳು. ಅಯ್ಯೋ ಪಾಪ ಅನ್ನಲಿಲ್ಲ. "ಅದು ನಮ್ಮಜ್ಜಿ ಕೈ ಕಣಕ್ಕ" ಅಂದಳು, ಗೊಂಬೆಯನ್ನು ತೋರಿಸಿ.

ಅವಳ ಹೆಸರು ಕ್ಯಾತಮ್ಮ, ಅಜ್ಜಿಯ ಹೆಸರೇ. ಬುಕ್ಕಾಪಟ್ಟಣದ ಕಡೆಯ ಗೊಲ್ಲರಹಟ್ಟಿಯವಳು. ಅಜ್ಜಿ ಕುರಿ ಕಾಯಲು ಹೋದಾಗ ಬಿದ್ದು ಕೈ ಮುರಿದುಕೊಂಡರಂತೆ, ಕಟ್ಟು ಸರಿಯಾಗಿ ಕೂರದೆ ಕೈ ಬಾಗಿಯೇ ಉಳಿಯಿತಂತೆ. ಈ ಹುಡುಗಿ ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕಿದ್ದಳು. "ನಾಕು ವರ್ಷ ಎಡತೋಳು ಒಂದೇ ಹೊಲ್ದಿದ್ದು ಕಣಕ್ಕ. ಬೇರೆ ಏನೂ ಕೊಡಾಕಿಲ್ಲ ಅಲ್ಲಿ, ಬರೀ ಎಡತೋಳು. ಒಂದಿನ ಅನ್ನಿಸ್ತು, ಲೋಕಕ್ಕೆಲ್ಲ ತೋಳು ಹೊಲ್ದೆ, ನಮ್ಮಜ್ಜಿ ಕೈಗಾಗೋ ತೋಳು ಅದ್ರಾಗೆ ಒಂದೂ ಇಲ್ವಲ್ಲ ಅಂತ. ಅವತ್ತೇ ಬಿಟ್ಬಂದ್ಬುಟ್ಟೆ." ತುಮಕೂರಿನಲ್ಲಿ ಒಂದು ವರ್ಷ ವಿನ್ಯಾಸ ಕಲಿತು ಸ್ವಂತ ಅಂಗಡಿ ಇಟ್ಟಿದ್ದಾಳೆ. ಮದುವೆ ಹೆಣ್ಣುಗಳ ಬಟ್ಟೆಯನ್ನೂ ಹೊಲಿಯುತ್ತಾಳೆ, ನಮ್ಮಂಥವರದ್ದನ್ನೂ.

ಟೇಪು ತೆಗೆಯುತ್ತಾಳೆ ಅಂದುಕೊಂಡೆ. ಅವಳು ಟೀ ತರಿಸಿದಳು. ನಾನು ಲೋಟ ಎತ್ತುವುದನ್ನು, ಸೆರಗು ಸರಿ ಮಾಡಿಕೊಳ್ಳುವುದನ್ನು, ಚೀಲದಿಂದ ಚೀಟಿ ತೆಗೆಯುವುದನ್ನು ನೋಡುತ್ತ ಕೂತಳು. "ಬೆಳಿಗ್ಗೆ ಎದ್ದಾಗಿಂದ ನಿಮ್ ಕೈಲಿ ಏನೇನಾಗ್ತದೆ ಹೇಳಿ" ಅಂದಳು. ಏನೇನು ಆಗಲ್ಲ ಎಂದು ಎಲ್ಲರೂ ಕೇಳಿದ್ದಾರೆ ಯಶೋದಾ, ಏನಾಗುತ್ತದೆ ಎಂದು ಕೇಳಿದವಳು ಇವಳೊಬ್ಬಳೇ. ಹೇಳುತ್ತ ಹೋದರೆ ಬೇಕಾದಷ್ಟಿತ್ತು. ಮುದ್ದೆ ಕಟ್ಟುತ್ತೇನೆ, ಮಕ್ಕಳಿಗೆ ಅಕ್ಷರ ತಿದ್ದಿಸುತ್ತೇನೆ, ಬೆರಳುಗಳೆಲ್ಲ ಚೆನ್ನಾಗಿವೆ. ಹಿಂದಕ್ಕೆ ಮತ್ತು ಮೇಲಕ್ಕೆ ಮಾತ್ರ ಕೈ ಹೋಗುವುದಿಲ್ಲ. "ಸರಿ ಬುಡಿ, ಹಿಂದಕ್ಕೂ ಮೇಲಕ್ಕೂ ಹೋಗೋದೇ ಬೇಡ ನಾವು" ಅಂದಳು.

ಆಮೇಲೆ ಬಣ್ಣ ಕೇಳಿದಳು. ಯಾವುದಾದರೂ ಪರವಾಗಿಲ್ಲ ಅಂದೆ. "ಯಾವ್ದಾದ್ರೂ ಅನ್ನೋ ಬಣ್ಣ ನನ್ ಅಂಗ್ಡೀಲಿಲ್ಲಕ್ಕ" ಎಂದು ನಕ್ಕಳು. ನನಗೆ ತಟ್ಟನೆ ಹೊಳೆಯಲಿಲ್ಲ. ಎಷ್ಟೋ ವರ್ಷದಿಂದ ಯಾರೂ ಕೇಳಿರಲಿಲ್ಲವಲ್ಲ. ಕೊನೆಗೆ ಹುಚ್ಚೆಳ್ಳು ಹೂವಿನ ಹಳದಿ ಅಂದೆ. ಅಷ್ಟು ಹೊತ್ತಿಗೆ ನಿನ್ನ ಭಾವ ಬಂದು ಬಾಗಿಲಲ್ಲಿ ನಿಂತಿದ್ದರು. "ಹಳದಿ ನಿಂಗಿಷ್ಟ ಅಂತ ನಂಗೂ ಗೊತ್ತಿರ್ಲಿಲ್ವಲ್ಲೇ" ಅಂದರು.

ಒಂದು ವಿಷಯಕ್ಕೆ ಮಾತ್ರ ನಾನೂ ಅವಳೂ ಜಗಳವಾಡಿದೆವು. ಮೊಣಕೈ ಬಾಗಿದ್ದು ಕಾಣದಂತೆ ಮಣಿಕಟ್ಟಿನವರೆಗೆ ಸಡಿಲವಾದ ಉದ್ದ ತೋಳು ಇಡು ಅಂದೆ. ಅವಳು ಒಪ್ಪಲಿಲ್ಲ. "ಮುಚ್ಚಾಕೆ ಬೇಕಾದ್ರೆ ಶಾಲು ಹೊದ್ಕಳಿ ಅಕ್ಕ, ಅದ್ಕೆ ನಾನ್ಯಾಕೆ? ಹಾಕ್ಕಂಡು ನಾಕು ಜನದಾಗೆ ನಿಂತ್ಕಳಾಕೆ ಬೇಕಾದ್ರೆ ಹೇಳಿ, ಹೊಲ್ಕೊಡ್ತೀನಿ." ನನಗೆ ಸಿಟ್ಟು ಬಂದು ಎದ್ದುಬಿಟ್ಟೆ. ಬಸ್ ನಿಲ್ದಾಣದವರೆಗೂ ಬಂದೆ. ಪಾವಗಡದ ಬಸ್ಸು ನಿಂತಿತ್ತು. ಹತ್ತಲಿಲ್ಲ. ನಿನ್ನ ಭಾವ ಹಿಂದೆಯೇ ಬಂದರು. ವಾಪಸ್ಸು ಹೋಗಿ, "ನಿನ್ನಿಷ್ಟದ ಹಂಗೆ ಹೊಲಿಯಮ್ಮ" ಅಂದೆ.

ಮೂರು ವಾರಕ್ಕೆ ಬಂದಿತು. ಹೇಗಿದೆ ಹೇಳಲಾ? ಹುಚ್ಚೆಳ್ಳು ಹಳದಿಯ ಕೈಮಗ್ಗದ ಬಟ್ಟೆ. ಮೊಣಕೈ ದಾಟಿ ನಿಲ್ಲುವ ತೋಳು ಎರಡು ತುಂಡು ಸೇರಿ ಆದದ್ದು, ಕೈ ಬಾಗುವಲ್ಲೇ ಅದೂ ಬಾಗುತ್ತದೆ. ಜೋಡಿಸಿದ ಗೆರೆಯನ್ನು ಅಡಗಿಸದೆ, ಅದರ ಗುಂಟ ಕಂಬಳಿಯ ಅಂಚಿನಲ್ಲಿರುವಂಥ ಕಪ್ಪು ಬಿಳಿ ಪಟ್ಟಿ ಕೂರಿಸಿದ್ದಾಳೆ. ಕಂಕುಳಲ್ಲಿ ಒಂದು ಚೌಕದ ತುಂಡು ಇಟ್ಟಿದ್ದಾಳೆ, ಎಳೆಯುವುದಿಲ್ಲ. ಮುಂದೆ ಹುಕ್ಕಿಲ್ಲ, ಬಟ್ಟೆಯೊಳಗೆ ಸಣ್ಣ ಅಯಸ್ಕಾಂತದ ಬಿಲ್ಲೆಗಳು. ಹತ್ತಿರ ತಂದರೆ ತಾವೇ ಕೂಡಿಕೊಳ್ಳುತ್ತವೆ. ಸೀರೆಯ ನೆರಿಗೆಯನ್ನೂ ಮೊದಲೇ ಹೊಲಿದು, ಸೊಂಟಕ್ಕೆ ಪಟ್ಟಿ ಕೊಟ್ಟಿದ್ದಾಳೆ. ಆಸ್ಪತ್ರೆಯ ಬಟ್ಟೆಯ ಹಾಗಿದ್ದೀತು ಎಂದು ಹೆದರಿದ್ದೆ. ನೋಡಿದರೆ ನಮ್ಮ ಸೊಸೆಯೇ, "ಅತ್ತೆ, ನನಗೂ ಇಂಥದ್ದೊಂದು ಹೊಲಿಸಿಕೊಡಿ" ಅನ್ನಬೇಕೆ!

ತಂದ ಮಾರನೆಯ ಬೆಳಿಗ್ಗೆ ನಿನ್ನ ಭಾವ ಎಂದಿನಂತೆ ಕೋಣೆಯ ಹೊರಗೆ ನಿಂತಿದ್ದರು, ನಾನು ಕೂಗಲೆಂದು. ನಾನು ಕೂಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಲೇ ಲಕ್ಷ್ಮೀ, ಆಯ್ತಾ? ಬರ್ಲಾ?" ಅಂದರು. ನಾನು ಬಾಗಿಲು ತೆಗೆದು ಆಚೆ ಬಂದೆ. ಪೂರ್ತಿ ಉಟ್ಟು, ಸೆರಗು ಹೊದ್ದು. ಅವರು ಮೇಲಿಂದ ಕೆಳಗೆ ನೋಡಿದರು. "ನೀನೇ ಹಾಕ್ಕಂಡ್ಯಾ?" ಅಂದರು. ಹ್ಞೂಂ ಅಂದೆ. "ಎಲ್ಲಾನೂ?" ಅಂದರು. ಹ್ಞೂಂ ಅಂದೆ. "ಇನ್ನು ನಂಗೇನು ಕೆಲ್ಸ ಮನೇಲಿ?" ಎಂದು ನಕ್ಕು, ಕೈ ತೊಳೆಯಲೆಂದು ನಲ್ಲಿಯ ಹತ್ತಿರ ಹೋದರು. ಕೈ ಕೊಳೆಯಾಗಿರಲಿಲ್ಲ. ಬಹಳ ಹೊತ್ತು ಬೆನ್ನು ಹಾಕಿಯೇ ನಿಂತಿದ್ದರು. ಆರು ವರ್ಷ ಅವರ ಮೇಲೂ ಎಷ್ಟು ಭಾರವಿತ್ತೆಂದು ನನಗೆ ಆಗ ತಿಳಿಯಿತು. ಇಬ್ಬರೂ ಒಟ್ಟಿಗೇ ಇಳಿಸಿದೆವು. ಅವತ್ತು ತಿಂಡಿಗೆ ಚಿತ್ರಾನ್ನ ಮಾಡಿದೆ, ನನಗಿಷ್ಟವಾದದ್ದು.

ಬಳೆಯ ಕಥೆಯೂ ಇದೆ. ನನ್ನ ಮಣಿಕಟ್ಟು ಮಡಿಚುವುದಿಲ್ಲವಾದ್ದರಿಂದ ಬಳೆಗಾರರು ಕೈ ಹಿಸುಕಿದರೆ ಜೀವ ಹೋಗುತ್ತದೆ. ಹಾಕುವುದನ್ನೇ ಬಿಟ್ಟಿದ್ದೆ. ಕ್ಯಾತಮ್ಮ ಕೊರಟಗೆರೆಯ ಚೇತನ್ ಕುಮಾರ್ ಎಂಬ ಹುಡುಗನ ಹತ್ತಿರ ಕಳಿಸಿದಳು. ಅಪ್ಪ ಹಳೆಯ ಕಾಲದ ಅಕ್ಕಸಾಲಿಗರು, ಮಗ ತನ್ನದೇ ಚಿತ್ರ ಬರೆದು ಬೆಳ್ಳಿಯ ಒಡವೆ ಮಾಡುತ್ತಾನೆ. ಅವನ ಒಂದು ಸರ ನೋಡಿದೆ, ಹುಣಸೆ ಎಲೆಯ ಸಾಲು. ಪದಕವೇ ಕೊಂಡಿ, ಎದೆಯ ಮೇಲೆ ಹಾಕಿಕೊಳ್ಳುವಂಥದ್ದು. ಕತ್ತಿನ ಹಿಂದಕ್ಕೆ ಕೈ ಹೋಗಬೇಕಾಗಿಲ್ಲ. ಬಳೆ ಮಾತ್ರ ಅವನಿಗೂ ಹೊಸದು. ಅಪ್ಪ ಕೂತಲ್ಲಿಂದಲೇ, "ಬಳೆ ಅಂದ್ರೆ ಒಂದೇ ಸುತ್ತಿರ್ಬೇಕು ಕಣ್ಲಾ. ಕದ ತೆಗ್ದಂಗೆ ತೆಗ್ಯೋ ಬಳೆ ಯಾರಾದ್ರೂ ಹಾಕ್ಕಂತಾರಾ?" ಎಂದು ಗೊಣಗುತ್ತಿದ್ದರು. ಹುಡುಗ ಮಾಡಿಕೊಟ್ಟ ಮೊದಲ ಜೋಡಿ ಬಸ್ಸು ಒಂದು ಗುಂಡಿ ಹಾರಿದ್ದಕ್ಕೇ ಬಿಚ್ಚಿಕೊಂಡು ಕಂಡಕ್ಟರ್ ಕಾಲಡಿಗೆ ಉರುಳಿತು. ವಾಪಸ್ಸು ಒಯ್ದೆ. ಅವನು ತಲೆ ಕೆರೆದುಕೊಳ್ಳುತ್ತಿದ್ದರೆ ಅಪ್ಪನೇ ಎದ್ದು ಬಂದು ಕನ್ನಡಕ ಏರಿಸಿ, "ಇತ್ಲಾಗ್ ಕೊಡ್ಲಾ" ಎಂದು ಕಸಿದುಕೊಂಡರು. ಈಗ ತೊಡೆಗೆ ಒತ್ತಿದರೆ ಟಕ್ಕೆಂದು ಕೂರುತ್ತದೆ, ಬೆರಳಿಂದ ಒತ್ತಿ ಜಾರಿಸಿದರೆ ಮಾತ್ರ ಬಿಡುತ್ತದೆ. ಒಂದು ತಿಂಗಳಿಂದ ಹಾಕಿಕೊಂಡೇ ಇದ್ದೇನೆ, ಒಮ್ಮೆಯೂ ಬಿದ್ದಿಲ್ಲ.

ಮೊನ್ನೆ ಪಾವಗಡದಲ್ಲಿ ಅಂಗನವಾಡಿಯವರ ಸಭೆ ಇತ್ತು. ಹಳದಿ ರವಿಕೆ, ಬೆಳ್ಳಿಬಳೆ ಹಾಕಿಕೊಂಡು ಹೋದೆ. ಎಲ್ಲರೂ ತಿರುಗಿ ನೋಡಿದರು. ಕೈ ನೋಡುತ್ತಿದ್ದಾರೆ ಎಂದು ಹಳೆಯ ಅಭ್ಯಾಸದಂತೆ ಸೆರಗು ಎಳೆದುಕೊಂಡೆ. ಆಂಧ್ರದ ಗಡಿ ಊರಿನ ರಾಜಲಕ್ಷ್ಮಮ್ಮ ಎಂಬವರು, ಅವರದೂ ನನ್ನಂಥದೇ ಕೈ, ಹತ್ತಿರ ಬಂದು, "ಎಕ್ಕಡಮ್ಮಾ ಇದಿ? ಯಾವ ಊರಲ್ಲಿ ಹೊಲಿಸಿದ್ರಿ?" ಎಂದು ಕೇಳಿ ಪಟ್ಟಿಯನ್ನು ಬೆರಳಿನಿಂದ ಸವರಿದರು. ಅವರು ನೋಡಿದ್ದು ಬಟ್ಟೆಯನ್ನು! ಮಧ್ಯಾಹ್ನ ಊಟಕ್ಕೆ ಕೂತಾಗ ಆರು ಜನ ಕ್ಯಾತಮ್ಮನ ನಂಬರು ಬರೆದುಕೊಂಡರು. ಅವರಲ್ಲಿ ನಾಲ್ವರ ಕೈ ನೇರವಾಗಿಯೇ ಇದೆ.

ಹೋದ ವಾರ ಬಿಂದು ಫೋನ್ ಮಾಡಿದ್ದಳು. "ದೊಡ್ಡಮ್ಮ, ಮುಂದಿನ ತಿಂಗಳು ಎರಡನೇ ತಾರೀಖು ಸಿರಾದಲ್ಲಿ ಸೀಮಂತ. ನೀವೇ ನನಗೆ ಮೊದಲ ಬಳೆ ತೊಡಿಸಬೇಕು, ನೆಪ ಹೇಳಿದ್ರೆ ನಾನೇ ನಾಗಲಮಡಿಕೆಗೆ ಬರ್ತೀನಿ" ಅಂದಳು. ಹೊಟ್ಟೆ ಹೊತ್ತುಕೊಂಡು ಅವಳು ಬಸ್ಸಿನಲ್ಲಿ ಬರುವುದು ಬೇಡ. ನಾವೇ ಬರುತ್ತೇವೆ. ಹಿಂದಿನ ದಿನವೇ ಬಂದು ನಿನಗೆ ಅಡುಗೆಗೆ ಕೈ ಜೋಡಿಸುತ್ತೇನೆ, ಉಂಡೆ ಕಟ್ಟುವುದು ನನಗೆ ಬಿಡು. ನನ್ನ ಬಟ್ಟೆಯ ಚಿಂತೆ ಮಾಡಬೇಡ, ಬೆಳಿಗ್ಗೆ ನನಗಾಗಿ ಯಾರೂ ಬಿಡುವು ಮಾಡಿಕೊಳ್ಳಬೇಕಾಗಿಲ್ಲ.

ಬಿಂದುವಿಗೆ ಸುಖವಾಗಿ ಹೆರಿಗೆಯಾಗಲಿ. ನಿನ್ನ ಮನೆ ತುಂಬಿರಲಿ, ನಿನ್ನ ಮಂಡಿನೋವು ಕಡಿಮೆಯಾಗಲಿ. ರಂಗೇಶ್ ಅವರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು.

ಇಂತಿ ನಿನ್ನ ಅಕ್ಕ,
ಲಕ್ಷ್ಮೀದೇವಿ

ಮರೆತ ಮಾತು: ಮರೆತದ್ದು ಎಂದು ಬರೆದೆ, ಮರೆತಿರಲಿಲ್ಲ. ಲಕೋಟೆ ಅಂಟಿಸುವ ಮುಂಚೆ ಬರೆದುಬಿಡುತ್ತೇನೆ. ನಾಚಿಕೆಯಾಗಿ ಮದುವೆಗೆ ಬರಲಿಲ್ಲ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ನಾವು ಬಂದಿದ್ದೆವು ಯಶೋದಾ. ಆರತಕ್ಷತೆಯ ದಿನ ಸಂಜೆ ಐದಕ್ಕೇ ಛತ್ರದಲ್ಲಿದ್ದೆವು. ನಿನ್ನ ಭಾವ ಗೇಟಿನ ಹತ್ತಿರ ಯಾರನ್ನೋ ಮಾತಾಡಿಸುತ್ತ ನಿಂತರು, ನಾನು ಹೆಣ್ಣಿನ ಕೋಣೆಯ ಬಾಗಿಲವರೆಗೆ ಬಂದೆ. ಒಳಗೆ ಬೀಗರ ಕಡೆಯ ಹೆಂಗಸೊಬ್ಬರು ನಿನ್ನನ್ನು ಕೇಳುತ್ತಿದ್ದರು, "ನಿಶ್ಚಿತಾರ್ಥದಲ್ಲಿ ಕೈ ಬಾಗಿದೋರೊಬ್ರಿದ್ರಲ್ಲ, ನಿಮಗೇನಾಗ್ಬೇಕು ಅವ್ರು? ವಂಶದಲ್ಲಿ ಬರೋ ಕಾಯಿಲೆನಾ ಅದು?" ನೀನು ಅಂದೆ, "ಅಯ್ಯೋ, ನಮ್ಮೋರಲ್ಲ ಕಣಮ್ಮ. ಯಾರೋ ದೂರದೋರು, ಪಾವಗಡದ ಕಡೆಯೋರು."

ನಾನು ಅಲ್ಲಿಂದಲೇ ತಿರುಗಿದೆ. ಬಸ್ ನಿಲ್ದಾಣದಲ್ಲಿ ನಿನ್ನ ಭಾವನಿಗೆ ಮೈ ಕಾಯುತ್ತಿದೆ ಅಂದೆ. ಅವರು ಹಣೆ ಮುಟ್ಟಿ ನೋಡಿ ಟಿಕೆಟ್ ತೆಗೆಸಿದರು. ಇವತ್ತಿನವರೆಗೂ ಕೇಳಿಲ್ಲ, ನಾನೂ ಹೇಳಿಲ್ಲ.

ನಿನ್ನನ್ನು ಅಳಿಸಲು ಬರೆಯುತ್ತಿಲ್ಲ. ಮಗಳ ಮದುವೆಗೆ ಎಲ್ಲಿ ಕಲ್ಲು ಬೀಳುತ್ತದೋ ಎಂದು ಹೆದರಿ ನೀನು ಹಾಗೆ ಅಂದೆ, ಅದು ನನಗೆ ಗೊತ್ತು. ಮಧುಗಿರಿಯ ಡಾಕ್ಟರನ್ನು ನಾನು ಮೊದಲು ಕೇಳಿದ್ದು ನನ್ನ ಕೈಯ ವಿಷಯವಲ್ಲ. ನನ್ನ ತಂಗಿಗೆ, ಅವಳ ಮಗಳಿಗೆ ಇದು ಬರುತ್ತದಾ ಎಂದು ಕೇಳಿದೆ. "ಇದು ನೀರಿನಿಂದ ಬಂದಿದ್ದಮ್ಮ, ರಕ್ತದಿಂದಲ್ಲ" ಅಂದರು. ಬಿಂದುವಿಗಾಗಲಿ, ಹುಟ್ಟುವ ಮಗುವಿಗಾಗಲಿ ನನ್ನಿಂದ ಬರುವಂಥದ್ದು ಏನೂ ಇಲ್ಲ. ನೀನು ನೆಮ್ಮದಿಯಾಗಿರು. ಬರೆದ ಮೇಲೆ ನನಗೂ ಎದೆಯ ಮೇಲಿಂದ ಏನೋ ಇಳಿದ ಹಾಗಿದೆ.

ಸೀಮಂತಕ್ಕೆ ಆ ಹೆಂಗಸು 'ಇವರು ಯಾರು' ಎಂದು ಮತ್ತೆ ಕೇಳಿಯೇ ಕೇಳುತ್ತಾರೆ. 'ನಮ್ಮಕ್ಕ' ಅನ್ನು. ಅಷ್ಟು ಸಾಕು. ನೀರಿನ ವಿಷಯ ನಾನೇ ಹೇಳಿಕೊಳ್ಳುತ್ತೇನೆ.